ಗ್ರಹಣದ ಸಮಯ ಗೊತ್ತು, ಸಂಜೆಯ ಮಳೆ ಯಾಕೆ ಗೊತ್ತಿಲ್ಲ?

ಪ್ರಶ್ನೆ: ಗ್ರಹಣ ಯಾವಾಗ ಅಂತ ಎಷ್ಟೋ ವರ್ಷ ಮೊದಲೇ ನಿಮಿಷದ ಲೆಕ್ಕದಲ್ಲಿ ಹೇಳುತ್ತಾರೆ. ಎಲ್ಲವೂ ಭೌತನಿಯಮದಂತೆಯೇ ನಡೆಯುವುದಾದರೆ ಮುಂದೆ ಆಗುವುದೆಲ್ಲ ಈಗಲೇ ತೀರ್ಮಾನ ಆಗಿದೆ ಅಂತಲ್ವಾ? ಲೆಕ್ಕ ಹಾಕಿ ಹೇಳಬಹುದಲ್ವಾ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ತೀರ್ಮಾನ ಆಗಿದೆಯಾ ಅನ್ನುವುದು ಒಂದು ಪ್ರಶ್ನೆ. ನಮಗೆ ಹೇಳಲು ಆಗುತ್ತದಾ ಅನ್ನುವುದು ಬೇರೆಯೇ ಪ್ರಶ್ನೆ. ಮೊದಲು ಎರಡನೆಯದನ್ನು ನೋಡೋಣ.

1814ರಲ್ಲಿ ಫ್ರಾನ್ಸಿನ ಗಣಿತಜ್ಞ ಲಪ್ಲಾಸ್ ನಿಮ್ಮ ಹಾಗೆಯೇ ಯೋಚಿಸಿದ್ದರು. ಈ ಕ್ಷಣದ ಜಗತ್ತನ್ನು ಪೂರ್ತಿ ಬಲ್ಲ ಬುದ್ಧಿಯೊಂದಿದ್ದರೆ ಅದಕ್ಕೆ ಭವಿಷ್ಯವೂ ಕಾಣುತ್ತದೆ ಎಂದರು. ತೊಡಕಿರುವುದು ಆ ‘ಪೂರ್ತಿ’ಯಲ್ಲೇ.

1961ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಕಂಪ್ಯೂಟರಿನಲ್ಲಿ ಹವಾಮಾನದ ಒಂದು ಲೆಕ್ಕವನ್ನು ನಡುವಿನಿಂದ ಮತ್ತೆ ಓಡಿಸಿದರು. ಯಂತ್ರದೊಳಗಿದ್ದ ಸಂಖ್ಯೆ 0.506127. ಅವರು ಕೊಟ್ಟದ್ದು ಕಾಗದದಲ್ಲಿ ಅಚ್ಚಾಗಿದ್ದ 0.506. ಕಾಫಿ ಕುಡಿದು ಬಂದು ನೋಡಿದರೆ ಹವಾಮಾನವೇ ಬೇರೆ! ಸಮೀಕರಣ ಅದೇ, ನಿಯಮ ಅದೇ. ಆರಂಭದ ಚೂರು ವ್ಯತ್ಯಾಸ ಬೆಳೆದು ಎಲ್ಲವನ್ನೂ ಬದಲಿಸಿತ್ತು.

ನಮ್ಮ ಮೇ ತಿಂಗಳ ಮಳೆಯೂ ಹೀಗೇ. ಜಯನಗರದಲ್ಲಿ ಧೋ ಅಂತ ಸುರಿಯುವಾಗ ಮಲ್ಲೇಶ್ವರದಲ್ಲಿ ಒಂದು ಹನಿಯೂ ಇರುವುದಿಲ್ಲ. ಗುಡುಗಿನ ಮೋಡ ಕೆಲವೇ ಕಿಲೋಮೀಟರ್ ಅಗಲ. ಅದು ಹುಟ್ಟುವ ಜಾಗದ ಗಾಳಿ, ತೇವವನ್ನು ಅಷ್ಟು ಸೂಕ್ಷ್ಮವಾಗಿ ಅಳೆಯುವವರು ಯಾರು? ಅದಕ್ಕೇ ಈಗ ಆರಂಭದ ಅಂಕಿಗಳನ್ನು ಸ್ವಲ್ಪ ಸ್ವಲ್ಪ ಬದಲಿಸಿ ಹತ್ತಾರು ಸಲ ಲೆಕ್ಕ ಹಾಕುತ್ತಾರೆ. ಮಳೆಯ ಸಾಧ್ಯತೆ ಇಷ್ಟು ಶೇಕಡಾ ಅನ್ನುವುದು ಬಹುಮಟ್ಟಿಗೆ ಅದರಿಂದಲೇ. ಸುಮ್ನೆ ಊಹೆಯಲ್ಲ.

ಹಾಗಾದರೆ ಗ್ರಹಗಳು? ಅವೂ ಪೂರ್ತಿ ಹೊರತಲ್ಲ, ಅವುಗಳ ಗಡುವು ದೊಡ್ಡದು ಅಷ್ಟೇ. ಶುಕ್ರ 2012ರಲ್ಲಿ ಸೂರ್ಯನ ಮುಂದೆ ಹಾದುಹೋಯಿತು, ಮತ್ತೆ ಹಾದುಹೋಗುವುದು 2117ರ ಡಿಸೆಂಬರಿನಲ್ಲಿ. ಇದರಲ್ಲಿ ಅನುಮಾನವೇ ಇಲ್ಲ. ಆದರೆ ಫ್ರಾನ್ಸಿನ ಖಗೋಳ ವಿಜ್ಞಾನಿ ಜಾಕ್ ಲಸ್ಕಾರ್ ಲೆಕ್ಕದ ಪ್ರಕಾರ, ಇವತ್ತು ಭೂಮಿಯ ಸ್ಥಾನದಲ್ಲಿ 15 ಮೀಟರ್ ತಪ್ಪಿದರೆ 10 ಕೋಟಿ ವರ್ಷದ ನಂತರ ಭೂಮಿ ಕಕ್ಷೆಯಲ್ಲಿ ಎಲ್ಲಿರುತ್ತದೆ ಅಂತ ಹೇಳಲಾಗದು.

ಇನ್ನು ತೀರ್ಮಾನದ ಮಾತು. ಇಲ್ಲಿಯವರೆಗೆ ಹೇಳಿದ್ದೆಲ್ಲ ನಮ್ಮ ಅಳತೆಯ ಮಿತಿ. ಪರಮಾಣುವಿನೊಳಗೆ ಕಥೆ ಬೇರೆ. ವಿಕಿರಣ ಸೂಸುವ ಕಾರ್ಬನ್-14 ಪರಮಾಣುಗಳಲ್ಲಿ ಅರ್ಧದಷ್ಟು ಸುಮಾರು 5,730 ವರ್ಷದಲ್ಲಿ ಕ್ಷಯಿಸಿ ಬೇರೆ ಪರಮಾಣುಗಳಾಗುತ್ತವೆ. ಯಾವುದು, ಯಾವಾಗ? ಪರಮಾಣುಗಳ ಲೋಕವನ್ನು ವಿವರಿಸುವ ಕ್ವಾಂಟಂ ಸಿದ್ಧಾಂತ ಹೇಳುವುದು ಸಂಭವವನ್ನು ಮಾತ್ರ. ಒಳಗೇನೋ ಗುಟ್ಟಿರಬೇಕು, ನಮಗೆ ಕಾಣುತ್ತಿಲ್ಲ ಅಷ್ಟೇ ಅಂತ ಅನ್ನಿಸುವುದು ಸಹಜ. ಅಂಥ ವಿವರಣೆಗಳಲ್ಲಿ ಸರಳವಾದವು 2022ರಲ್ಲಿ ನೊಬೆಲ್ ಪಡೆದ ಆಸ್ಪೆ, ಕ್ಲೌಸರ್, ಝೈಲಿಂಗರ್ ಅವರ ಪ್ರಯೋಗಗಳ ಮುಂದೆ ನಿಲ್ಲಲಿಲ್ಲ. ಹೀಗಾಗಿ ಎಲ್ಲವೂ ಮೊದಲೇ ತೀರ್ಮಾನ ಆಗಿದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಒಪ್ಪುವ ಭೌತವಿಜ್ಞಾನಿಗಳೂ ಇದ್ದಾರೆ, ಅವರ ವಾದ ಹಗುರವಾದದ್ದಲ್ಲ.