ಯಾವ ಕ್ಲೋರಿನ್ ಪರಮಾಣುವೂ 35.45 ತೂಗದಿದ್ದರೆ ಆ ಸಂಖ್ಯೆ ಏಕೆ ಬೇಕು?

ನಿಮ್ಮ ಅನುಮಾನ ಸರಿಯಾಗಿದೆ: ಆವರ್ತ ಕೋಷ್ಟಕದಲ್ಲಿ ಕ್ಲೋರಿನ್‌ಗೆ ಕೊಟ್ಟಿರುವ 35.45 ಒಂದು ಸರಾಸರಿ ಪರಮಾಣು ರಾಶಿ, ಅಷ್ಟೇ ತೂಗುವ ಕ್ಲೋರಿನ್ ಪರಮಾಣು ಎಲ್ಲೂ ಸಿಗದು. ಆದರೆ ಲ್ಯಾಬಿನಲ್ಲಿ ನಾವು ಪರಮಾಣುಗಳನ್ನು ಒಂದೊಂದಾಗಿ ಎಣಿಸುವುದಿಲ್ಲ, ತೂಗಿ ಲೆಕ್ಕ ಹಾಕುತ್ತೇವೆ. ತಕ್ಕಡಿಗೆ ಹಾಕುವ ಚಿಟಿಕೆ ಉಪ್ಪಿನಲ್ಲೂ ಕ್ಲೋರಿನ್‌ನ ಎರಡು ಸಮಸ್ಥಾನಿಗಳು (ಒಂದೇ ಧಾತುವಿನ, ಬೇರೆಬೇರೆ ರಾಶಿಯ ಪರಮಾಣುಗಳು) ಬೆರೆತೇ ಇರುತ್ತವೆ: ಕ್ಲೋರಿನ್-35 ಶೇ. 75.76, ಕ್ಲೋರಿನ್-37 ಶೇ. 24.24. ರಾಸಾಯನಿಕ ಕ್ರಿಯೆಗಳಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ ರೀತಿ ವರ್ತಿಸುವುದರಿಂದ ಈ ಪಾಲು ಅಷ್ಟು ಸುಲಭಕ್ಕೆ ಕದಲುವುದಿಲ್ಲ.

ಪ್ರತಿ ಸಮಸ್ಥಾನಿಯ ನಿಖರ ರಾಶಿಯನ್ನು ಅದರ ಪಾಲಿನಿಂದ ಗುಣಿಸಿ ಕೂಡಿಸಿದರೆ ಲೆಕ್ಕ: 34.969 × 0.7576 + 36.966 × 0.2424 = 35.45. 35 ಮತ್ತು 37 ಕೂಡಿಸಿ ಎರಡರಿಂದ ಭಾಗಿಸಿ 36 ಎಂದು ಬರೆಯುವುದು ಪರೀಕ್ಷೆಗಳಲ್ಲಿ ತೀರಾ ಸಾಮಾನ್ಯವಾದ ತಪ್ಪು. ಪಾಲುಗಳು ಸಮನಾಗಿಲ್ಲ ಎಂಬುದನ್ನೇ ಅಲ್ಲಿ ಮರೆತಿರುತ್ತಾರೆ.

ಈಗ 0.1000 ಮೋಲಾರ್ (ಲೀಟರಿಗೆ 0.1000 ಮೋಲ್) ಸೋಡಿಯಂ ಕ್ಲೋರೈಡ್, ಅಂದರೆ ಉಪ್ಪಿನ ದ್ರಾವಣ ಮಾಡಬೇಕೆನ್ನಿ. ಅದರ ಮೋಲಾರ್ ರಾಶಿ, ಅಂದರೆ ಒಂದು ಮೋಲ್‌ನ ತೂಕ, 22.99 + 35.45 = 58.44 ಗ್ರಾಂ. ಒಣಗಿಸಿದ ಶುದ್ಧ ಉಪ್ಪು 5.844 ಗ್ರಾಂ ತೂಗಿ, ಒಂದು ಲೀಟರ್ ವಾಲ್ಯುಮೆಟ್ರಿಕ್ ಫ್ಲಾಸ್ಕಿನಲ್ಲಿ ಕರಗಿಸಿ ಗೆರೆಯವರೆಗೆ ನೀರು ತುಂಬಿಸಬೇಕು. ಸಮಸ್ಥಾನಿಗಳ ಹೆಸರಿನಲ್ಲಿರುವ ರಾಶಿಸಂಖ್ಯೆಗಳನ್ನೇ ಕೂಡಿಸಿ 23 + 35 = 58 ಎಂದುಕೊಂಡರೆ 5.800 ಗ್ರಾಂ ಹಾಕುತ್ತೀರಿ. ಆಗ ದ್ರಾವಣ ನಿಜಕ್ಕೂ 0.0992 ಮೋಲಾರ್, ಅಂದರೆ ಶೇ. 0.75 ಕಡಿಮೆ. ಅದೇ ದ್ರಾವಣದಿಂದ ಸಿಲ್ವರ್ ನೈಟ್ರೇಟ್‌ನ ಸಾಂದ್ರತೆ ನಿರ್ಧರಿಸಿ ಆ ಸಿಲ್ವರ್ ನೈಟ್ರೇಟ್‌ನಿಂದ ಬಾವಿ ನೀರಿನ ಕ್ಲೋರೈಡ್ ಅಳೆದರೆ, ಉತ್ತರ ಪ್ರತಿ ಸಲವೂ ಶೇ. 0.75ರಷ್ಟು ಹೆಚ್ಚೇ ಬರುತ್ತದೆ. 25 ಮಿ.ಲೀ. ಟೈಟ್ರೇಷನ್ನಿನಲ್ಲಿ (ಸಾಂದ್ರತೆ ಗೊತ್ತಿರುವ ದ್ರಾವಣ ಎಷ್ಟು ಖರ್ಚಾಯಿತೆಂದು ನೋಡಿ ಅಳೆಯುವ ವಿಧಾನ) ಇದು ಸುಮಾರು 0.19 ಮಿ.ಲೀ. ವ್ಯತ್ಯಾಸ, ಆ ದ್ರಾವಣ ಅಳೆಯುವ ಬ್ಯುರೆಟ್ ಎಂಬ ಗಾಜಿನ ಕೊಳವೆಯಲ್ಲಿ 0.05 ಮಿ.ಲೀ.ವರೆಗೆ ಓದಬಹುದು. ಎಷ್ಟು ಸಲ ಟೈಟ್ರೇಟ್ ಮಾಡಿದರೂ ರೀಡಿಂಗ್‌ಗಳು ಒಂದಕ್ಕೊಂದು ಚೆನ್ನಾಗಿಯೇ ಹೊಂದುತ್ತವೆ, ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ನನಗೆ ಅಪಾಯವೆನಿಸುವುದು ಇದೇ.

ಎಲ್ಲ ಧಾತುಗಳಲ್ಲೂ ಸಮಸ್ಥಾನಿಗಳ ಪಾಲು ಕ್ಲೋರಿನ್‌ನಷ್ಟು ಸ್ಥಿರವಲ್ಲ. ಲಿಥಿಯಂನಿಂದ ಲಿಥಿಯಂ-6 ಅನ್ನು ಪರಮಾಣು ಕೆಲಸಗಳಿಗೆ ಬೇರ್ಪಡಿಸಿ, ಉಳಿದದ್ದನ್ನು ಮಾರುಕಟ್ಟೆಗೆ ಬಿಟ್ಟದ್ದುಂಟು. ಕೋಷ್ಟಕದಲ್ಲಿ ಸಾಮಾನ್ಯವಾಗಿ 6.94 ಎಂದಿದ್ದರೂ, ಅಂಥ ಬಾಟಲಿಯ ಲಿಥಿಯಂ ಅದಕ್ಕಿಂತ ಭಾರವಾಗಿರಬಹುದು. ನಿಖರ ಕೆಲಸವಿದ್ದರೆ ಬಾಟಲಿಯ ಲೇಬಲ್ ನೋಡಿಕೊಳ್ಳಿ.

ಸರಾಸರಿಯನ್ನು ಬಳಸಬಾರದ ಜಾಗವೂ ಒಂದಿದೆ: ಮಾಸ್ ಸ್ಪೆಕ್ಟ್ರೋಮೀಟರ್. ಅದು ಅಣುಗಳನ್ನು ಅವುಗಳ ರಾಶಿಗೆ ತಕ್ಕಂತೆ ಬೇರೆಬೇರೆಯಾಗಿ ಗುರುತಿಸುತ್ತದೆ. ಡೈಕ್ಲೋರೋಮೀಥೇನ್‌ನ ಸರಾಸರಿ ಅಣುರಾಶಿ 84.93, ಆ ಜಾಗದಲ್ಲಿ ಹುಡುಕಿದರೆ ದೊಡ್ಡ ಶಿಖರ ಕಾಣದು. 84, 86, 88ರಲ್ಲಿ ಸುಮಾರು 9:6:1 ಎತ್ತರದ ಮೂರು ಶಿಖರಗಳು ಕಾಣುತ್ತವೆ. ಅಣುವಿನಲ್ಲಿ ಎರಡು ಕ್ಲೋರಿನ್ ಇವೆ ಎಂದು ತಿಳಿಯುವುದು ಆ ಪ್ರಮಾಣದಿಂದಲೇ.