ಪದ್ಮಿನಿ ಕಾರಿನ ರಿಪೇರಿ ಕಲಿಯಲು ಪುಸ್ತಕ: ಹಣ ಕೊಡುವ ಮೊದಲು ಸಿಲಿಂಡರಿನ ಅಳತೆ ನೋಡಿ

ಎಲ್ಲರಿಗೂ ಶರಣು ಶರಣಾರ್ಥಿ. ಚಿತ್ತಾಪುರದ ಸಹೋದರರು ತಮ್ಮ ತಂದೆಯವರ 1986ರ ಪ್ರೀಮಿಯರ್ ಪದ್ಮಿನಿಯನ್ನು ತಾವೇ ರಿಪೇರಿ ಮಾಡಲು ಕಲಿಯಬೇಕೆಂದು ಬರೆದಿದ್ದಾರೆ. ಹೈದರಾಬಾದಿನ ಆಬಿಡ್ಸ್‌ನಲ್ಲಿ ಭಾನುವಾರ ನಡೆಯುವ ಹಳೆ ಪುಸ್ತಕಗಳ ಸಂತೆಯಲ್ಲಿ ಯುರೋಪಿನಲ್ಲಿ ಅಚ್ಚಾದ ಇಟಲಿಯ ಫಿಯಾಟ್ 1100 ಡಿ ಕಾರಿನ ರಿಪೇರಿ ಮ್ಯಾನುಯಲ್ ಒಂದನ್ನು ಅವರು ನೋಡಿ ಬಂದಿದ್ದಾರೆ. ಗೆಳೆಯರೊಬ್ಬರು ಪ್ರೀಮಿಯರ್ ಕಂಪನಿಯ ವರ್ಕ್‌ಶಾಪ್ ಮ್ಯಾನುಯಲ್ಲಿನ ಸ್ಕ್ಯಾನ್ ಪ್ರತಿಯನ್ನು ಫೋನಿಗೆ ಕಳಿಸಿದ್ದಾರೆ. ಎರಡರಲ್ಲಿ ಯಾವುದನ್ನು ನಂಬಬೇಕು, ಬೇರೆ ಏನನ್ನು ಕೊಳ್ಳಬೇಕು ಎಂಬುದು ಅವರ ಪ್ರಶ್ನೆ. ಕಲಬುರಗಿಯಲ್ಲಿ ಮೊದಲು ಅಂಬಾಸಿಡರ್, ಆಮೇಲೆ ಪದ್ಮಿನಿ ಇಟ್ಟುಕೊಂಡು, ಪುಸ್ತಕ ತೆರೆದಿಟ್ಟುಕೊಂಡೇ ಕೆಲಸ ಕಲಿತವನಾದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಮೊದಲು ಆಬಿಡ್ಸ್‌ನ ಪುಸ್ತಕದ ಮಾತು. ಹೊರಮೈ ನೋಡಿದರೆ 1100 ಡಿ ಮತ್ತು ನಮ್ಮ ಪದ್ಮಿನಿ ಒಂದೇ ಕಾರು. ಮುಂಬೈಯ ಪ್ರೀಮಿಯರ್ ಆಟೋಮೊಬೈಲ್ಸ್ ಅದೇ ಕಾರನ್ನು 1964ರಿಂದ ಇಲ್ಲಿ ತಯಾರಿಸಿತು, 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು. ಆದರೆ ಇಟಲಿಯ 1100 ಡಿ ಕಾರಿಗೆ ಇದ್ದದ್ದು 1221 ಸಿಸಿ ಎಂಜಿನ್, ನಮ್ಮ ಪದ್ಮಿನಿಗೆ ಇರುವುದು 1089 ಸಿಸಿ ಎಂಜಿನ್. ಎರಡರಲ್ಲೂ ಪಿಸ್ಟನ್ ಓಡಾಡುವ ದೂರ 75 ಮಿಲಿಮೀಟರ್. ಸಿಲಿಂಡರಿನ ಒಳಗಿನ ವ್ಯಾಸ ಮಾತ್ರ ಅಲ್ಲಿ 72, ಇಲ್ಲಿ 68. ಆ ಪುಸ್ತಕ ಹಿಡಿದು ಪಿಸ್ಟನ್ ಅಥವಾ ರಿಂಗಿನ ಅಳತೆ ನೋಡಲು ಹೋದರೆ ನೀವು ಬೇರೆ ಎಂಜಿನಿನ ಲೆಕ್ಕವನ್ನು ಓದುತ್ತಿರುತ್ತೀರಿ. ಅದರ ಮೇಲೆ, ಆ ಪುಸ್ತಕಗಳ ಚಿತ್ರಗಳಲ್ಲಿ ಸ್ಟಿಯರಿಂಗ್ ಎಡಗಡೆಗಿರುವುದೇ ಹೆಚ್ಚು. ಪೆಡಲ್‌ಗಳು ಮತ್ತು ಹ್ಯಾಂಡ್ ಗೇರಿನ (ಸ್ಟಿಯರಿಂಗ್ ಬುಡದಲ್ಲಿರುವ ಗೇರು) ಸರಳುಗಳನ್ನು ಹೊಸಬರು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿ ಅರ್ಥಮಾಡಿಕೊಳ್ಳಬೇಕಾಗುತ್ತದೆ. ಆದ್ದರಿಂದ ಅದು ನಿಮ್ಮ ಮೊದಲ ಪುಸ್ತಕವಾಗಬಾರದು. ಅಗ್ಗವಾಗಿ ಸಿಕ್ಕರೆ ಬಾಡಿ ಮತ್ತು ಬಾಗಿಲುಗಳ ಕೆಲಸಕ್ಕೆಂದು ಮುಂದೆ ಯಾವಾಗಲಾದರೂ ತೆಗೆದುಕೊಳ್ಳಿ.

ಫೋನಿಗೆ ಬಂದಿರುವ ಪ್ರತಿಯೇ ನಿಮ್ಮ ಗಾಡಿಗೆ ಹತ್ತಿರದ್ದು. ಆದರೂ ಅದು ಯಾವ ಮಾದರಿಯ ಗಾಡಿಗೆ, ಯಾವ ವರ್ಷ ಅಚ್ಚಾದದ್ದು ಎಂಬುದನ್ನು ಮೊದಲ ಪುಟದಲ್ಲಿ ನೋಡಿ, ನಿಮ್ಮ ಎಂಜಿನ್ ಮೇಲಿನ ಸಂಖ್ಯೆಯೊಂದಿಗೆ ತಾಳೆ ಹಾಕಿ. ಆರ್‌ಸಿ ಪುಸ್ತಕದ ಇಸವಿಯೊಂದನ್ನೇ ನೆಚ್ಚಿಕೊಳ್ಳಬೇಡಿ, ಏಕೆಂದರೆ ಇಷ್ಟು ವರ್ಷಗಳಲ್ಲಿ ಎಂಜಿನ್, ಕಾರ್ಬುರೇಟರ್, ಡೈನಮೋ ಬದಲಾಗದೆ ಉಳಿದ ಗಾಡಿ ನಮ್ಮ ಕಡೆ ಅಪರೂಪ. ಸ್ಕ್ಯಾನ್ ಪ್ರತಿಗಳಲ್ಲಿ ಇನ್ನೊಂದು ಅಪಾಯವಿದೆ. ದಶಮಾಂಶದ ಚುಕ್ಕೆ ಅಳಿಸಿಹೋಗಿರುತ್ತದೆ, 1 ಮತ್ತು 4 ಒಂದೇ ತರಹ ಕಾಣುತ್ತವೆ. 0.15 ಮಿಲಿಮೀಟರ್ ಇರಬೇಕಾದ ಅಂತರವನ್ನು 0.45 ಎಂದು ಓದಿದರೆ ಆ ಕೆಲಸ ಪೂರ್ತಿ ಕೆಟ್ಟಿತೆಂದೇ ತಿಳಿಯಿರಿ. ಯಾವುದೇ ಅಳತೆಯನ್ನು ಪುಸ್ತಕದ ಎರಡು ಕಡೆ ನೋಡಿ. ಸಾಮಾನ್ಯವಾಗಿ ಆಯಾ ಅಧ್ಯಾಯದಲ್ಲಿ ಒಮ್ಮೆ, ಅಳತೆಗಳ ಪಟ್ಟಿಯಲ್ಲಿ ಇನ್ನೊಮ್ಮೆ ಅದು ಬಂದಿರುತ್ತದೆ. ವೈರಿಂಗಿನ ಮಡಿಸಿದ ಹಾಳೆ ಇದೆಯೇ ಎಂಬುದನ್ನೂ ಪರೀಕ್ಷಿಸಿ. ಮೊದಲು ಹರಿದುಹೋಗುವುದು ಅದೇ, ಕಪ್ಪುಬಿಳುಪು ಸ್ಕ್ಯಾನಿನಲ್ಲಿ ಓದಲಾಗದೆ ಹೋಗುವುದೂ ಅದೇ.

ಈಗ ನಾನು ಒತ್ತಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಕಂಪನಿಯ ವರ್ಕ್‌ಶಾಪ್ ಮ್ಯಾನುಯಲ್ ಬರೆದದ್ದು ಕಲಿಯುವವರಿಗಾಗಿ ಅಲ್ಲ, ಆಗಲೇ ಕೆಲಸ ಬಲ್ಲ ಮಿಸ್ತ್ರಿಗಳಿಗಾಗಿ. ಒಂದು ಭಾಗವನ್ನು ಬಿಚ್ಚುವುದನ್ನು ಹತ್ತು ಸಾಲಿನಲ್ಲಿ ವಿವರಿಸಿ, ಬಿಚ್ಚಿದ ಕ್ರಮವನ್ನೇ ತಿರುವಿಹಾಕಿ ಜೋಡಿಸಿ ಎಂದು ಒಂದೇ ಮಾತಿನಲ್ಲಿ ಅದು ಮುಗಿಸಿಬಿಡುತ್ತದೆ. ಮೊದಲ ಸಲ ವಾಟರ್ ಪಂಪ್ ಬಿಚ್ಚಿ ಜೋಡಿಸಿದಾಗ ನನ್ನ ಕೈಯಲ್ಲಿ ಒಂದು ತೆಳುವಾದ ವಾಷರ್ ಉಳಿದುಬಿಟ್ಟಿತು, ಅದು ಎಲ್ಲಿ ಕೂರಬೇಕೆಂದು ಮ್ಯಾನುಯಲ್ ಹೇಳಲಿಲ್ಲ. ಉತ್ತರ ಸಿಕ್ಕಿದ್ದು ಪಾರ್ಟ್ಸ್ ಕ್ಯಾಟಲಾಗ್‌ನಲ್ಲಿ. ಪ್ರತಿ ನಟ್ಟು, ವಾಷರ್, ಸ್ಪ್ರಿಂಗನ್ನು ಅದು ಕೂರುವ ಸಾಲಿನಲ್ಲೇ ಬಿಡಿಸಿ ಚಿತ್ರಿಸಿ, ನಂಬರ್ ಕೊಟ್ಟು ತೋರಿಸುವ ಆ ಪುಸ್ತಕವನ್ನು ಜನ ಅಂಗಡಿಯವರ ಪುಸ್ತಕವೆಂದು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಕಲಿಯುವವರು ದುಡ್ಡು ಕೊಟ್ಟು ಕೊಳ್ಳಬೇಕಾದ ಮೊದಲ ಪುಸ್ತಕ ಅದೇ. ಹಳೆ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಅಟ್ಟದ ಮೇಲೆ ಈಗಲೂ ಅದು ಸಿಗುವುದುಂಟು. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್‌ವರೆಗೂ ಓಡಿದ್ದರಿಂದ ಅಲ್ಲಿನ ಅಂಗಡಿಗಳಲ್ಲಿ ವಿಚಾರಿಸುವುದು ವ್ಯರ್ಥವಾಗದು.

ಅದರ ಜೊತೆಗೆ ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಕಲಿಯುವ ಹುಡುಗರ ಪಠ್ಯಪುಸ್ತಕ ಒಂದಿರಲಿ. ಕಾರ್ಬುರೇಟರ್ ಏಕೆ ಬೇಕು, ಡಿಸ್ಟ್ರಿಬ್ಯೂಟರಿನ ಪಾಯಿಂಟ್ ತೆರೆದುಕೊಂಡಾಗ ಪ್ಲಗ್‌ನಲ್ಲಿ ಕಿಡಿ ಹೇಗೆ ಹುಟ್ಟುತ್ತದೆ, ಸಣ್ಣ ಅಂತರ ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜನ್ನು ಎಷ್ಟು ಬಿಗಿಯಾಗಿ ಎಳೆಯಬೇಕು ಎಂಬುದನ್ನೆಲ್ಲ ಕಾರಿನ ಮ್ಯಾನುಯಲ್ ಹೇಳುವುದಿಲ್ಲ, ಆ ಪಠ್ಯಪುಸ್ತಕ ಹೇಳುತ್ತದೆ. ಗಾಡಿಯ ಜೊತೆ ಬರುತ್ತಿದ್ದ ಚಿಕ್ಕ ಕೈಪಿಡಿ ಮನೆಯಲ್ಲೇ ಎಲ್ಲೋ ಇರಬಹುದು, ಹುಡುಕಿ.

ಯಾವುದೇ ಮ್ಯಾನುಯಲ್ ಕೈಗೆ ಬಂದಾಗ ನಾನು ಮಾಡುವ ಪರೀಕ್ಷೆ ಇದು. ಮುಂದಿನ ಚಕ್ರದ ಬ್ರೇಕಿನ ಅಧ್ಯಾಯ ತೆರೆಯುತ್ತೇನೆ. ಬಿಚ್ಚುವ ಕ್ರಮ ಎಲ್ಲ ಪುಸ್ತಕಗಳಲ್ಲೂ ಇರುತ್ತದೆ. ಡ್ರಮ್ ಹೊಸದಿದ್ದಾಗ ಎಷ್ಟಿತ್ತು ಎಂಬುದರ ಜೊತೆಗೆ, ಎಷ್ಟು ಸವೆದರೆ ಎಸೆಯಬೇಕು ಎಂಬ ಮಿತಿಯನ್ನೂ ಕೊಟ್ಟಿದೆಯೇ ಎಂದು ನೋಡುತ್ತೇನೆ. ಬಳಕೆಯ ಭಾಗವನ್ನು ಕೈಯಲ್ಲಿ ಹಿಡಿದು ಇಡಬೇಕೋ ಬಿಡಬೇಕೋ ಎಂದು ತೀರ್ಮಾನಿಸುವ ಅನುಭವ ಉಸ್ತಾದರಿಗಿರುತ್ತದೆ, ನಮಗಿರುವುದಿಲ್ಲ; ಆ ಮಿತಿ ಬರೆಯದ ಪುಸ್ತಕ ನಮ್ಮಂಥವರಿಗೆ ಅರ್ಧ ಪುಸ್ತಕ.

ನಟ್ಟು ಬೋಲ್ಟುಗಳ ಬಿಗಿತದ ಲೆಕ್ಕವನ್ನು ಯಾವ ಮಾನದಲ್ಲಿ ಕೊಟ್ಟಿದ್ದಾರೆಂದು ಓದುವುದನ್ನು ಮಾತ್ರ ಮರೆಯಬೇಡಿ. ಫಿಯಾಟ್ ಮೂಲದ ಪುಸ್ತಕಗಳು ಕೆಜಿ-ಮೀಟರ್ ಎನ್ನುತ್ತವೆ, ಇಂಗ್ಲೆಂಡಿನವು ಪೌಂಡ್-ಅಡಿ ಎನ್ನುತ್ತವೆ, ಬಿಗಿತ ಅಳೆದು ತೋರಿಸುವ ಇಂದಿನ ಟಾರ್ಕ್ ಪಾನಾಗಳ ಮೇಲೆ ನ್ಯೂಟನ್-ಮೀಟರ್ ಇರುತ್ತದೆ. 50 ಪೌಂಡ್-ಅಡಿ ಎಂದರೆ ಸುಮಾರು 68 ನ್ಯೂಟನ್-ಮೀಟರ್, ಅಥವಾ 6.9 ಕೆಜಿ-ಮೀಟರ್. ನಾನು ಅಂಬಾಸಿಡರಿನ ಸಿಲಿಂಡರ್ ಹೆಡ್ ಬಿಗಿಯುವಾಗ ಪೌಂಡಿನ ಅಂಕಿಯನ್ನೇ ನ್ಯೂಟನ್ ಪಾನಾದ ಮೇಲೆ ಇಟ್ಟೆ. ಬಿಗಿ ಸಾಲದೆ ತಿಂಗಳೊಳಗೆ ಗ್ಯಾಸ್ಕೆಟ್ ಹೋಗಿ ಎಂಜಿನ್ ಆಯಿಲಿಗೆ ನೀರು ಸೇರಿತು.

ಅಂಬಾಸಿಡರ್ ಇಟ್ಟುಕೊಂಡವರೂ ಇಲ್ಲಿ ಇರುವುದರಿಂದ ಒಂದು ಮಾತು. ನಿಮ್ಮ 1489 ಸಿಸಿ ಪೆಟ್ರೋಲ್ ಎಂಜಿನ್ ಇಂಗ್ಲೆಂಡಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್ ವಂಶದ್ದು, ಅದೇ ಎಂಜಿನ್ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಆ ಕಾರಿನ ಮ್ಯಾನುಯಲ್ ಎಂಜಿನ್ ಬಿಚ್ಚಿ ಜೋಡಿಸುವ ಕ್ರಮ ಕಲಿಯಲು ಚೆನ್ನಾಗಿ ನೆರವಾಗುತ್ತದೆ, ಆದರೆ ಕಾರ್ಬುರೇಟರಿಗೆ ಮತ್ತು ಟ್ಯೂನಿಂಗಿಗೆ ಅದನ್ನು ನೋಡಬೇಡಿ. ಇಂಚಿನ ಪಾನಾ ಸೆಟ್ ಬೇಕು. 1990ರ ದಶಕದಲ್ಲಿ ಬಂದ ಜಪಾನಿನ ಇಸುಜು ಎಂಜಿನ್ ನಿಮ್ಮ ಗಾಡಿಗೆ ಇದ್ದರೆ ಈ ಸಲಹೆ ನಿಮಗೆ ಅನ್ವಯಿಸುವುದಿಲ್ಲ.

ಹಳೆಯ ಪುಸ್ತಕದಲ್ಲಿದ್ದರೂ ಪಾಲಿಸಬಾರದ ಸಂಗತಿಗಳೂ ಇವೆ. ಬ್ರೇಕ್ ಡ್ರಮ್ಮಿನ ಧೂಳನ್ನು ಗಾಳಿಯಿಂದ ಊದಿ ತೆಗೆಯಿರಿ ಎಂದಿದ್ದರೆ ಖಂಡಿತ ಊದಬೇಡಿ. ಹಳೆಯ ಬ್ರೇಕ್ ಲೈನಿಂಗ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಹೋಗಬಾರದು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಿರಿ. ಎಂಜಿನಿನ ಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆಯಿರಿ ಎಂದಿದ್ದರೆ ಡೀಸೆಲ್ ಬಳಸಿ. ಎಂಜಿನ್ ಆಯಿಲಿನ ಪಟ್ಟಿಯಲ್ಲಿ ಬಿಸಿ ಪ್ರದೇಶದ ಕಾಲಂ ನೋಡಿ, ನಮ್ಮ ಬೇಸಿಗೆ 42 ಡಿಗ್ರಿ ದಾಟುತ್ತದೆ. ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಬೇಡಿ; ನಮ್ಮ ಸುಣ್ಣದ ಕಲ್ಲಿನ ನೆಲದ ಗಡಸು ನೀರು ಒಳಗೆ ಪದರುಗಟ್ಟುತ್ತದೆ, ಇದನ್ನು ಇಟಲಿಯವರು ಬರೆದಿರಲು ಸಾಧ್ಯವಿಲ್ಲ. ಎಥನಾಲ್ ಬೆರೆತ ಪೆಟ್ರೋಲಿನ ಪ್ರಸ್ತಾಪವೂ ಆ ಪುಸ್ತಕಗಳಲ್ಲಿ ಇರುವುದಿಲ್ಲ; ಎಥನಾಲ್ ಹಳೆ ರಬ್ಬರನ್ನು ಕೆಡಿಸುತ್ತದೆ, ಆದ್ದರಿಂದ ಇಂಧನದ ಹಳೆ ರಬ್ಬರ್ ಪೈಪುಗಳನ್ನು ಮೊದಲೇ ಬದಲಿಸಿ.

ಸದ್ಯಕ್ಕೆ ಆಬಿಡ್ಸ್‌ಗೆ ಹಣ ಕಳಿಸಬೇಡಿ. ಎಂಜಿನ್ ಸಂಖ್ಯೆಯ ಮತ್ತು ಕಾರ್ಬುರೇಟರಿನ ಮೇಲಿನ ಅಕ್ಷರಗಳ ಚಿತ್ರ ತೆಗೆದು ಇಲ್ಲಿ ಹಾಕಿ. ನನ್ನ ಹತ್ತಿರ ಪದ್ಮಿನಿಯ ಪಾರ್ಟ್ಸ್ ಕ್ಯಾಟಲಾಗ್ ಮತ್ತು ವೈರಿಂಗ್ ಹಾಳೆ ಇವೆ. ಕಲಬುರಗಿಗೆ ಬಂದಾಗ ಸೂಪರ್ ಮಾರ್ಕೆಟ್ ಕಡೆ ಝೆರಾಕ್ಸ್ ಮಾಡಿಸಿಕೊಂಡು ಹೋಗಬಹುದು.