ಗೆದ್ದವರ ಕೈಯಲ್ಲಿ ಬಂದೂಕಿದ್ದರೆ

ಪತ್ರ: ಶಿನ್ ಫೇನ್ ಜೊತೆ ಬ್ರಿಟನ್ ಮಾತಿಗೆ ಕೂತಿತು. ಚುನಾವಣೆ ಗೆದ್ದ ಪ್ಯಾಲೆಸ್ಟೀನಿನ ಹಮಾಸ್ ಜೊತೆ ಯಾರೂ ಕೂರಲಿಲ್ಲ. ಇದು ಇಬ್ಬಗೆಯ ನೀತಿಯಲ್ಲವೇ? – ಓದುಗರೊಬ್ಬರು, ಧಾರವಾಡ

ಉತ್ತರ: ಇಬ್ಬಗೆ ಇದೆ, ನಿಜ. ಆದರೆ ಬ್ರಿಟನ್ ಮತ ನೋಡಿ ಕೂತಿತು ಎನ್ನುವುದು ಸರಿಯಲ್ಲ. 1996ರ ಮೇ 30ರಂದು ಉತ್ತರ ಐರ್ಲೆಂಡಿನಲ್ಲಿ ಮಾತುಕತೆಯ ಪ್ರತಿನಿಧಿಗಳನ್ನು ಆರಿಸಲೆಂದೇ ಚುನಾವಣೆ ನಡೆಯಿತು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಬಂದೂಕು ಹಿಡಿದಿದ್ದ ಐಆರ್‌ಎ (ಐರಿಷ್ ರಿಪಬ್ಲಿಕನ್ ಆರ್ಮಿ) ನಂಟಿನ ಶಿನ್ ಫೇನ್ ಪಕ್ಷಕ್ಕೆ ಶೇ 15.5 ಮತ ಬಂತು. ಆದರೂ ಜೂನ್ 10ರಂದು ಮಾತುಕತೆ ಶುರುವಾದಾಗ ಅವರಿಗೆ ಒಳಗೆ ಪ್ರವೇಶವಿರಲಿಲ್ಲ. ಫೆಬ್ರವರಿಯಲ್ಲಿ ಲಂಡನ್‌ನಲ್ಲಿ ಬಾಂಬ್ ಸಿಡಿಸಿ ಐಆರ್‌ಎ ಕದನವಿರಾಮ ಮುರಿದಿತ್ತು. ಮಾತುಕತೆ ಶುರುವಾದ ಐದೇ ದಿನಕ್ಕೆ ಮ್ಯಾಂಚೆಸ್ಟರ್‌ನಲ್ಲಿ ಇನ್ನೊಂದು ಬಾಂಬ್.

1997ರ ಜುಲೈನಲ್ಲಿ ಕದನವಿರಾಮ ಮರಳಿತು. ಶಾಂತಿಯುತ ಮಾರ್ಗಕ್ಕೆ ಬದ್ಧರಾಗುವ, ಮಾತುಕತೆಯ ಅಧ್ಯಕ್ಷ ಅಮೆರಿಕದ ಜಾರ್ಜ್ ಮಿಚೆಲ್‌ರ ಆರು ಸೂತ್ರಗಳನ್ನು ಒಪ್ಪಿದ ಮೇಲೆ, ಸೆಪ್ಟೆಂಬರ್‌ನಲ್ಲಿ ಶಿನ್ ಫೇನ್‌ಗೆ ಕುರ್ಚಿ ಸಿಕ್ಕಿತು. ಮರುವರ್ಷ ಫೆಬ್ರವರಿಯಲ್ಲಿ ನಡೆದ ಎರಡು ಕೊಲೆಗಳ ಹಿಂದೆ ಐಆರ್‌ಎ ಇದೆಯೆಂದು ಪೊಲೀಸರು ಹೇಳಿದ್ದೇ ತಡ, ಎರಡು ವಾರಕ್ಕೂ ಹೆಚ್ಚು ಕಾಲ ಹೊರಗೆ. ಎದುರು ಬಣದ, ಬ್ರಿಟನ್ ಪರ ಶಸ್ತ್ರಧಾರಿಗಳ ನಂಟಿನ ಯುಡಿಪಿ ಪಕ್ಷವೂ ಜನವರಿಯಲ್ಲಿ ಹೀಗೆಯೇ ಹೊರನಡೆಯಬೇಕಾಗಿತ್ತು. ಏಪ್ರಿಲ್ 10ಕ್ಕೆ ಒಪ್ಪಂದವಾಯಿತು. ಐಆರ್‌ಎ ಶಸ್ತ್ರತ್ಯಾಗ ಮುಗಿದದ್ದು 2005ರಲ್ಲಿ! ಅಖಂಡ ಐರ್ಲೆಂಡಿನ ಗುರಿ ಬಿಡಿ ಎಂದು ಶಿನ್ ಫೇನನ್ನು ಯಾರೂ ಕೇಳಲಿಲ್ಲ. ಕೇಳಿದ್ದು ನಡತೆಯನ್ನು ಮಾತ್ರ.

ಹಮಾಸ್ ವಿಷಯದಲ್ಲಿ ಎಡವಿದ್ದು ಇಲ್ಲೇ. 2006ರ ಜನವರಿ 25ರಂದು ಅದು ಪ್ಯಾಲೆಸ್ಟೀನಿನ ಶಾಸನಸಭೆಯ 132ರಲ್ಲಿ 74 ಸ್ಥಾನ ಗೆದ್ದಿತು. ಪಕ್ಷದ ಪಟ್ಟಿಗೆ ಬಿದ್ದ ಮತದಲ್ಲಿ, ಆವರೆಗೆ ಆಡಳಿತ ನಡೆಸುತ್ತಿದ್ದ ಫತಾ ಪಕ್ಷಕ್ಕಿಂತ ಅದರ ಮುನ್ನಡೆ ಶೇ 3ರಷ್ಟೇ. ಜಿಲ್ಲಾ ಕ್ಷೇತ್ರಗಳಲ್ಲಿ ಫತಾ ಬಂಡುಕೋರರು ತಮ್ಮದೇ ಮತ ಒಡೆದು ಕೈಕೊಟ್ಟರು. ಐದು ದಿನದಲ್ಲಿ ಅಮೆರಿಕ, ಐರೋಪ್ಯ ಒಕ್ಕೂಟ, ರಷ್ಯ, ವಿಶ್ವಸಂಸ್ಥೆಗಳ ಕೂಟ ಮೂರು ಷರತ್ತು ಇಟ್ಟಿತು: ಹಿಂಸೆ ಬಿಡಿ, ಇಸ್ರೇಲನ್ನು ಮಾನ್ಯ ಮಾಡಿ, ಹಳೆಯ ಒಪ್ಪಂದಗಳನ್ನು ಒಪ್ಪಿ. ಮೊದಲನೆಯದು ನ್ಯಾಯ, ದಿನದಿನವೂ ಪರಿಶೀಲಿಸಬಹುದಾದದ್ದು. ಎರಡನೆಯದು ಮಾತುಕತೆಯ ಕೊನೆಯಲ್ಲಿ ಸಿಗಬೇಕಾದ ಫಲ. ಅದನ್ನೇ ಹೊಸ್ತಿಲಲ್ಲಿ ಕೇಳಿದರು. ಇಸ್ರೇಲ್ ಪ್ಯಾಲೆಸ್ಟೀನ್ ಆಡಳಿತಕ್ಕೆ ತಾನು ಸಂಗ್ರಹಿಸಿಕೊಡುತ್ತಿದ್ದ, ತಿಂಗಳಿಗೆ ಸುಮಾರು 5 ಕೋಟಿ ಡಾಲರ್ ತೆರಿಗೆ ಹಣ ತಡೆಹಿಡಿಯಿತು. ನೌಕರರ ಸಂಬಳ ನಿಂತಿತು. 2007ರ ಜೂನ್‌ನಲ್ಲಿ ಬೀದಿ ಕಾಳಗದಲ್ಲಿ ಹಮಾಸ್ ಗಾಜಾವನ್ನು ವಶಕ್ಕೆ ತೆಗೆದುಕೊಂಡಿತು.

ಮಾತಾಡಿದ್ದರೆ ಹಮಾಸ್ ಬದಲಾಗುತ್ತಿತ್ತು ಎಂದು ನಾವು ಹೇಳುವುದಿಲ್ಲ. ಐಆರ್‌ಎ ದಣಿದಿತ್ತು, ಹಮಾಸ್ ದಣಿದಿರಲಿಲ್ಲ. ಆದರೆ ಮಾತು ನಿಂತಿತೇ? 2011ರಲ್ಲಿ ಈಜಿಪ್ಟಿನ ಮಧ್ಯಸ್ಥಿಕೆಯಲ್ಲಿ ಒಬ್ಬ ಸೆರೆ ಸೈನಿಕನಿಗಾಗಿ ಇಸ್ರೇಲ್ 1,027 ಕೈದಿಗಳನ್ನು ಬಿಟ್ಟಿತು. ಅಂದರೆ ಮತಪೆಟ್ಟಿಗೆಯಿಂದ ಬಂದವರಿಗೆ ಸಿಗದ ಚೌಕಾಸಿ, ಸೈನಿಕನನ್ನು ಹಿಡಿದುಕೊಂಡವರಿಗೆ ಸಿಕ್ಕಿತು.